4294967297 ಅವಿಭಾಜ್ಯವೇ? ಎರಡು ಪರೀಕ್ಷೆ ದಾಟಿದ ಮೇಲೂ ಉಳಿಯುವ ಪ್ರಶ್ನೆ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುವಾಗ, ದೊಡ್ಡದೊಂದು ಅವಿಭಾಜ್ಯಕ್ಕೆ ಉದಾಹರಣೆಯೆಂದು 4294967297 ಎಂಬ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆ. 3, 5, 17, 257, 65537 ಎಂಬ ಸರಣಿಯಲ್ಲಿ ಮುಂದಿನ ಸಂಖ್ಯೆ ಅದು. ಹಿಂದಿನ ಐದೂ ಅವಿಭಾಜ್ಯಗಳೇ. ಬರೆಯುವ ಮೊದಲು ಪರೀಕ್ಷಿಸಿಯೂ ಇದ್ದೆ. ಅದರ ಕೊನೆಯ ಅಂಕಿ 7. ಅಂಕಿಗಳ ಮೊತ್ತ 59, ಅದೂ ಅವಿಭಾಜ್ಯ. 600ರೊಳಗಿನ ಎಲ್ಲ ಅವಿಭಾಜ್ಯಗಳಿಂದ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ನೋಡಿದೆ, ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಮಗ ಬರೆದುಕೊಟ್ಟ ಸಣ್ಣ ಪ್ರೋಗ್ರಾಮಿನಲ್ಲಿ 2ನ್ನು ಇಟ್ಟುಕೊಂಡು ಫರ್ಮಾ ಪರೀಕ್ಷೆಯನ್ನೂ ಮಾಡಿಸಿದೆ. ಶೇಷ 1 ಬಂತು. ಮರುದಿನ ವಿದ್ಯಾರ್ಥಿನಿಯೊಬ್ಬಳು "ಇದು ಅವಿಭಾಜ್ಯ ಅಲ್ಲವಂತೆ" ಎಂದಳು. ಅವಳ ಕಂಪ್ಯೂಟರು ಹಾಗೆ ಹೇಳಿತಂತೆ. ಆದರೆ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಎಂದು ತೋರಿಸಲಿಲ್ಲವಂತೆ. ಎರಡು ಪರೀಕ್ಷೆ ದಾಟಿದ ಸಂಖ್ಯೆ ಸಂಯುಕ್ತವಾಗಿರಲು ಹೇಗೆ ಸಾಧ್ಯ? ಅಪವರ್ತನವನ್ನೇ ತೋರಿಸದೆ ಕಂಪ್ಯೂಟರು ಅಲ್ಲ ಎಂದು ಹೇಗೆ ಹೇಳಿತು? ಇಂಥ ಸಂಖ್ಯೆಗಳ ವಿಷಯದಲ್ಲಿ ಖಚಿತವಾಗಿ ಹೇಳುವ ದಾರಿ ಯಾವುದು? ಮಕ್ಕಳ ಮುಂದೆ ಏನೆಂದು ತಿದ್ದಿಕೊಳ್ಳಲಿ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ಸರಿ. 4294967297 = 641 × 6700417. ಕಾಗದದ ಮೇಲೆಯೇ ಗುಣಿಸಿ ನೋಡಬಹುದು: 6700417ನ್ನು 600ರಿಂದ ಗುಣಿಸಿದರೆ 4020250200, 41ರಿಂದ ಗುಣಿಸಿದರೆ 274717097. ಎರಡನ್ನೂ ಕೂಡಿದರೆ ನೀವು ಹಲಗೆಯ ಮೇಲೆ ಬರೆದ ಸಂಖ್ಯೆ ಬರುತ್ತದೆ.

600ರೊಳಗೆ 109 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರಗಳನ್ನು ಕೂತು ಮಾಡಿದ್ದೀರಿ. ಮುಂದಿನ ಅವಿಭಾಜ್ಯಗಳು 601, 607, 613, 617, 619, 631, 641. ಇನ್ನು ಏಳು ಹೆಜ್ಜೆ ಇಟ್ಟಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ಆದರೆ ಈ ಸಂಖ್ಯೆಯ ವಿಷಯದಲ್ಲಿ ನಿಮಗಿಂತ ಮೊದಲು ಎಡವಿದವರು ಸಾಮಾನ್ಯರಲ್ಲ. 1640ರ ಸುಮಾರಿಗೆ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಇದೇ ಐದು ಸಂಖ್ಯೆಗಳನ್ನು ನೋಡಿ, ಮುಂದಿನವೂ ಅವಿಭಾಜ್ಯಗಳೇ ಇರಬೇಕು ಎಂದು ನಂಬಿದ. ಸುಮಾರು ತೊಂಬತ್ತು ವರ್ಷ ಆ ನಂಬಿಕೆ ಹಾಗೆಯೇ ಉಳಿಯಿತು. 1729ರ ಡಿಸೆಂಬರಿನಲ್ಲಿ ಕ್ರಿಸ್ಟಿಯಾನ್ ಗೋಲ್ಡ್‌ಬಾಖ್ ಪತ್ರವೊಂದರಲ್ಲಿ ಇದರ ಬಗ್ಗೆ ಗಣಿತಜ್ಞ ಆಯ್ಲರನನ್ನು ಕೇಳಿದ. 1732ರಲ್ಲಿ ಆಯ್ಲರ್ 641ನ್ನು ಮುಂದಿಟ್ಟ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉತ್ತರ ತಪ್ಪಾಯಿತು ಎಂಬುದಕ್ಕಿಂತ, ಪರೀಕ್ಷೆ ಮಾಡಿಯೂ ತಪ್ಪಾಯಿತಲ್ಲ ಎಂಬುದು ನಿಮ್ಮನ್ನು ಕಾಡುತ್ತಿದೆ ಎಂದು ನನಗನಿಸಿತು. ದೊಡ್ಡ ಸಂಖ್ಯೆಗಳ ಲೆಕ್ಕ ಮಾಡುವ ಪ್ರೋಗ್ರಾಮುಗಳನ್ನು ಬರೆಯುವುದು, ಬೇರೆಯವರು ಬರೆದದ್ದನ್ನು ಪರಿಶೀಲಿಸುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಪರೀಕ್ಷೆ ಮಾಡದೆ ಆದವಲ್ಲ. ಮಾಡಿದ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯದೆ ಆದವು. ಆದ್ದರಿಂದ ನಿಮ್ಮ ಪರೀಕ್ಷೆಗಳನ್ನು ಒಂದೊಂದಾಗಿ ನೋಡೋಣ.

ಕೊನೆಯ ಅಂಕಿ 7 ಎಂಬುದರಿಂದ ತಿಳಿಯುವುದು ಇಷ್ಟೇ: ಸಂಖ್ಯೆ 2ರಿಂದಲೂ 5ರಿಂದಲೂ ಭಾಗವಾಗುವುದಿಲ್ಲ. ಅಂಕಿಗಳ ಮೊತ್ತ 59 ಎಂಬುದರಿಂದ 3ರಿಂದ ಭಾಗವಾಗುವುದಿಲ್ಲ ಎಂದು ತಿಳಿಯುತ್ತದೆ. ಆ 59 ತಾನೇ ಅವಿಭಾಜ್ಯವಾಗಿರುವುದಕ್ಕೆ ಇಲ್ಲಿ ಏನೂ ಅರ್ಥವಿಲ್ಲ. 247ನ್ನು ನೋಡಿ. ಕೊನೆಯ ಅಂಕಿ 7, ಮೊತ್ತ 13, ಅದೂ ಅವಿಭಾಜ್ಯ; ಆದರೆ 247 = 13 × 19. ಅಂಕಿಗಳು ಹತ್ತರ ಪದ್ಧತಿಯಲ್ಲಿ ನಾವು ಸಂಖ್ಯೆಗೆ ತೊಡಿಸುವ ಉಡುಪು. 9, 11ರಂತಹ ಹತ್ತಕ್ಕೆ ಹತ್ತಿರದ ಭಾಜಕಗಳ ಸುಳಿವನ್ನು ಅವು ಕೊಡುತ್ತವೆ, ಅದಕ್ಕಿಂತ ಆಳಕ್ಕೆ ಹೋಗುವುದಿಲ್ಲ.

ಸರಣಿಯ ಮಾತು ಇನ್ನೂ ಮೋಹಕವಾದದ್ದು. ಆ ಐದು ಸಂಖ್ಯೆಗಳು ಅಡ್ಡಾದಿಡ್ಡಿ ಬಂದವಲ್ಲ. 2¹ + 1 = 3, 2² + 1 = 5, 2⁴ + 1 = 17, 2⁸ + 1 = 257, 2¹⁶ + 1 = 65537. ಘಾತಾಂಕ ಪ್ರತಿ ಸಲ ಇಮ್ಮಡಿಯಾಗುತ್ತದೆ. ಇವನ್ನು ಫರ್ಮಾ ಸಂಖ್ಯೆಗಳು ಎನ್ನುತ್ತಾರೆ. ನಿಮ್ಮದು 2³² + 1, ಸೊನ್ನೆಯಿಂದ ಎಣಿಸಿದರೆ ಐದನೆಯ ಫರ್ಮಾ ಸಂಖ್ಯೆ. ಮೊದಲ ಐದು ಅವಿಭಾಜ್ಯವಾದದ್ದು ಸಣ್ಣ ಸಂಖ್ಯೆಗಳಲ್ಲಿ ಅವಿಭಾಜ್ಯಗಳು ದಟ್ಟವಾಗಿರುವುದರಿಂದ. ಇಂದಿನವರೆಗೆ ಆರನೆಯ ಫರ್ಮಾ ಅವಿಭಾಜ್ಯ ಸಿಕ್ಕಿಲ್ಲ. ಐದನೆಯದರಿಂದ ಮೂವತ್ತೆರಡನೆಯದರವರೆಗೆ ಒಂದೂ ಬಿಡದೆ ಎಲ್ಲವೂ ಸಂಯುಕ್ತ ಎಂದು ಸಿದ್ಧವಾಗಿದೆ.

600ರವರೆಗಿನ ಭಾಗಾಕಾರ ನಿಜವಾದ ಪರೀಕ್ಷೆ; ಅದು ಅರ್ಧದಲ್ಲಿ ನಿಂತಿತು, ಅಷ್ಟೇ. ಒಂದು ಸಂಖ್ಯೆ ಸಂಯುಕ್ತವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಅವಿಭಾಜ್ಯ ಅಪವರ್ತನವೊಂದು ಇದ್ದೇ ಇರುತ್ತದೆ. ನಿಮ್ಮ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಅಷ್ಟನ್ನೂ ದಾಟಿದ ಮೇಲೆ ಮಾತ್ರ ಈ ದಾರಿಯಲ್ಲಿ "ಅವಿಭಾಜ್ಯ" ಎನ್ನಬಹುದು. 600ನ್ನು ದಾಟಿದ ಮೇಲೆ ಎಷ್ಟು ಭರವಸೆ ಇಡಬಹುದು? ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಸುಮಾರು ಇಪ್ಪತ್ತೆರಡಕ್ಕೆ ಒಂದು ಅವಿಭಾಜ್ಯ. 600ರೊಳಗಿನ ಯಾವುದರಿಂದಲೂ ಭಾಗವಾಗದವನ್ನು ಮಾತ್ರ ಆರಿಸಿಟ್ಟರೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಅವಿಭಾಜ್ಯ, ಇನ್ನರ್ಧ ಸಂಯುಕ್ತ. ನಾಣ್ಯ ಚಿಮ್ಮಿದಂತೆ. 109 ಭಾಗಾಕಾರಗಳ ಶ್ರಮ ಕೊಟ್ಟದ್ದು ಅಷ್ಟು ಭರವಸೆಯನ್ನು.

ಈಗ ಫರ್ಮಾ ಪರೀಕ್ಷೆ. ನಿಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ್ದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಫರ್ಮಾನ ಸಣ್ಣ ಪ್ರಮೇಯ ಹೇಳುವುದು ಹೀಗೆ: ಒಂದು ಬೆಸ ಸಂಖ್ಯೆ ಅವಿಭಾಜ್ಯವಾಗಿದ್ದರೆ, 2ನ್ನು ಆ ಸಂಖ್ಯೆಗಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಶೇಷ 1 ಬರದಿದ್ದರೆ ಸಂಖ್ಯೆ ಖಂಡಿತ ಸಂಯುಕ್ತ. ಆದರೆ 1 ಬಂದರೆ? ಪ್ರಮೇಯ ಆ ದಿಕ್ಕಿನಲ್ಲಿ ಏನೂ ಹೇಳುವುದಿಲ್ಲ. 341 = 11 × 31; ಆದರೂ 2ನ್ನು 340ನೆಯ ಘಾತಕ್ಕೆ ಏರಿಸಿ 341ರಿಂದ ಭಾಗಿಸಿದರೆ ಶೇಷ 1. ಇಂಥ ಸಂಖ್ಯೆಗಳಿಗೆ ಹುಸಿ ಅವಿಭಾಜ್ಯಗಳೆಂದು ಹೆಸರು. ಅವು ಅಪರೂಪ, ಹಾಗಾಗಿ ಈ ಪರೀಕ್ಷೆ ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ.

ನಿಮ್ಮ ಸಂಖ್ಯೆಯ ವಿಷಯ ಮಾತ್ರ ಬರೀ ಅಪರೂಪದ ಆಕಸ್ಮಿಕವಲ್ಲ. ಅದು 2³² + 1 ಆದ್ದರಿಂದ, 2³²ನ್ನು ಅದರಿಂದ ಭಾಗಿಸಿದಾಗ ಶೇಷ ಅದಕ್ಕಿಂತ ಒಂದು ಕಡಿಮೆ, ಅಂದರೆ −1 ಎಂದೇ ಲೆಕ್ಕ. ಅದನ್ನು ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಅಲ್ಲಿಂದ ಮುಂದೆ ಪ್ರತಿ 64 ಹೆಜ್ಜೆಗೊಮ್ಮೆ ಶೇಷ 1ಕ್ಕೆ ಮರಳುತ್ತದೆ. ಪರೀಕ್ಷೆಯಲ್ಲಿ ಬರುವ ಘಾತಾಂಕ 4294967296, ಅಂದರೆ 2³². ಅದು 64ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹೀಗಾಗಿ ಶೇಷ 1 ಬರಲೇಬೇಕು, ಸಂಖ್ಯೆ ಅವಿಭಾಜ್ಯವಾಗಿರಲಿ, ಆಗದಿರಲಿ. ಫರ್ಮಾ ಸಂಖ್ಯೆಗಳೆಲ್ಲಕ್ಕೂ ಇದು ಅನ್ವಯಿಸುತ್ತದೆ. 2ರಿಂದಲೇ ಕಟ್ಟಿದ ಸಂಖ್ಯೆಯ ಬಗ್ಗೆ 2ರ ಸಾಕ್ಷ್ಯ ಕೇಳುವುದು, ಆರೋಪಿಯ ಒಡಹುಟ್ಟಿದವರನ್ನು ಕರೆದು ವಿಚಾರಿಸಿದ ಹಾಗೆ. ನಿಮ್ಮ ಮಗನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಕೇಳಿದ ಪ್ರಶ್ನೆಗೆ ಆಗಬಹುದಾಗಿದ್ದ ಉತ್ತರ ಒಂದೇ ಇತ್ತು.

ಅದೇ ಪ್ರೋಗ್ರಾಮಿನಲ್ಲಿ 2ರ ಜಾಗಕ್ಕೆ 3ನ್ನು ಇಟ್ಟು ನೋಡಿ. ಶೇಷ 3029026160 ಬರುತ್ತದೆ, 1 ಅಲ್ಲ. ಅಲ್ಲಿಗೆ ತೀರ್ಮಾನವಾಯಿತು. ನಿಮ್ಮ ವಿದ್ಯಾರ್ಥಿನಿಯ ಕಂಪ್ಯೂಟರು ಅಪವರ್ತನ ತೋರಿಸದೆ "ಅಲ್ಲ" ಎಂದದ್ದೂ ಬಹುಶಃ ಹೀಗೆಯೇ. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಒಂದು ಕೆಲಸ, ಎಲ್ಲಿ ಒಡೆಯುತ್ತದೆ ಎಂದು ಕಂಡುಹಿಡಿಯುವುದು ಬೇರೆಯೇ ಕೆಲಸ. ಎರಡನೆಯದು ಎಷ್ಟು ಕಷ್ಟವೆಂದರೆ, ಇಪ್ಪತ್ತನೆಯ ಮತ್ತು ಇಪ್ಪತ್ನಾಲ್ಕನೆಯ ಫರ್ಮಾ ಸಂಖ್ಯೆಗಳು ಸಂಯುಕ್ತ ಎಂದು ಸಿದ್ಧವಾಗಿದ್ದರೂ ಅವುಗಳ ಒಂದೇ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ. ಬ್ಯಾಂಕಿನ ವ್ಯವಹಾರಗಳನ್ನು ಗುಪ್ತವಾಗಿಡಲು ಬಳಸುವ ಆರ್‌ಎಸ್‌ಎ ಪದ್ಧತಿ ನಿಂತಿರುವುದೂ ಈ ಅಂತರದ ಮೇಲೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಹುಡುಕಿ ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಸವಾಲಾಗಿ ಇಟ್ಟಿದ್ದ 250 ಅಂಕಿಗಳ ಸಂಖ್ಯೆಯೊಂದನ್ನು ಒಡೆಯಲು 2020ರವರೆಗೆ ಕಾಯಬೇಕಾಯಿತು.

ಹಾಗಾದರೆ ಆಯ್ಲರ್ ಕಂಪ್ಯೂಟರಿಲ್ಲದೆ 641ನ್ನು ಹೇಗೆ ಹಿಡಿದ? ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ನಿಮ್ಮನ್ನು ದಾರಿ ತಪ್ಪಿಸಿದ ಆ 64 ಹೆಜ್ಜೆಗಳ ಸುತ್ತೇ ಇಲ್ಲಿ ದಾರಿ ತೋರಿಸುತ್ತದೆ.

ನಿಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯವೊಂದಿದೆ ಎಂದು ಇಟ್ಟುಕೊಳ್ಳಿ. 1ರಿಂದ ಶುರುಮಾಡಿ ಇಮ್ಮಡಿಸುತ್ತ ಹೋಗಿ, ಪ್ರತಿ ಸಲವೂ ಆ ಅವಿಭಾಜ್ಯದಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. 32ನೆಯ ಹೆಜ್ಜೆಯಲ್ಲಿ −1 ಬರುತ್ತದೆ, 64ನೆಯ ಹೆಜ್ಜೆಯಲ್ಲಿ 1ಕ್ಕೆ ಮರಳುತ್ತದೆ. ಸುತ್ತಿನ ಉದ್ದ 64ನ್ನು ಭಾಗಿಸಬೇಕು. 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 32ನೆಯ ಹೆಜ್ಜೆಯಲ್ಲಿಯೇ 1 ಬರಬೇಕಿತ್ತು, ಬರಲಿಲ್ಲ. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 64. ಇನ್ನೊಂದೆಡೆ ಫರ್ಮಾನ ಸಣ್ಣ ಪ್ರಮೇಯದ ಪ್ರಕಾರ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿಯೂ ನಾವು 1ಕ್ಕೆ ಮರಳಿರಬೇಕು. ಅಂದರೆ ಅಷ್ಟು ಹೆಜ್ಜೆಗಳಲ್ಲಿ 64ರ ಸುತ್ತುಗಳು ಪೂರ್ತಿಯಾಗಿ ಹಿಡಿಯಬೇಕು. ಹಾಗಾಗಿ ಯಾವುದೇ ಅವಿಭಾಜ್ಯ ಅಪವರ್ತನವೂ 64ರ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು.

ಪಟ್ಟಿ ಮಾಡಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೆಯ ಭಾಗಾಕಾರದಲ್ಲಿ ಉತ್ತರ! ನೀವು ಮಾಡಿದ 109 ಭಾಗಾಕಾರಗಳಲ್ಲಿ 105 ಮೊದಲೇ ವ್ಯರ್ಥವಾಗಿದ್ದವು. 1878ರಲ್ಲಿ ಎಡ್ವಾರ್ಡ್ ಲೂಕಾ ಇದನ್ನು ಇನ್ನಷ್ಟು ಬಿಗಿಮಾಡಿದ: ಅಪವರ್ತನ 128ರ ಗುಣಕಕ್ಕಿಂತ ಒಂದು ಹೆಚ್ಚಾಗಿರಬೇಕು. ಆಗ ಉಳಿಯುವುದು 257 ಮತ್ತು 641, ಎರಡೇ. ಅದರಲ್ಲೂ 257 ತಾನೇ ಫರ್ಮಾ ಸಂಖ್ಯೆ. ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1ನ್ನು ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ ಎಂಬುದನ್ನು ಗೋಲ್ಡ್‌ಬಾಖ್ 1730ರಲ್ಲಿಯೇ ತೋರಿಸಿದ್ದ. ಅದನ್ನೂ ಬಿಟ್ಟರೆ ಪರೀಕ್ಷಿಸಬೇಕಾದ ಮೊದಲ ಸಂಖ್ಯೆಯೇ 641.

ಬೇಕಾದ ಪ್ರಮೇಯ ಫರ್ಮಾನದೇ, ಅವನ ಕೈಯಲ್ಲೇ ಇತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸು ಚುರುಕ್ಕೆನ್ನುತ್ತದೆ.

641 ನಿಜವಾಗಿ ಭಾಗಿಸುತ್ತದೆ ಎಂಬುದನ್ನು ದೊಡ್ಡ ಭಾಗಾಕಾರವಿಲ್ಲದೆಯೂ ತೋರಿಸಬಹುದು. ಇದನ್ನು ಮಕ್ಕಳ ಮುಂದೆ ಮಾಡಿ ತೋರಿಸಿ. 641ನ್ನು ಎರಡು ರೀತಿ ಬರೆಯಿರಿ: 641 = 5 × 2⁷ + 1, ಮತ್ತು 641 = 625 + 16 = 5⁴ + 2⁴. ಮೊದಲನೆಯದರಿಂದ, 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1. ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರಿಂದ, 5⁴ ಮತ್ತು −2⁴ ಎರಡಕ್ಕೂ ಒಂದೇ ಶೇಷ. 5⁴ರ ಜಾಗಕ್ಕೆ −2⁴ನ್ನು ಇಟ್ಟರೆ −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಮೂರು ಸಾಲು, ಮುಗಿಯಿತು.

ಉಳಿದ 6700417 ಅವಿಭಾಜ್ಯವೇ ಎಂಬ ಪ್ರಶ್ನೆ ಬರುತ್ತದೆ. ಅದರ ವರ್ಗಮೂಲ 2588ರ ಆಸುಪಾಸು. ಅದರ ಅಪವರ್ತನಗಳೂ ಮೂಲ ಸಂಖ್ಯೆಯ ಅಪವರ್ತನಗಳೇ ಆದ್ದರಿಂದ ಲೂಕಾನ ನಿಯಮ ಇಲ್ಲಿಯೂ ನಡೆಯುತ್ತದೆ. 2588ರೊಳಗೆ ಆ ರೂಪದ ಅವಿಭಾಜ್ಯಗಳು ಐದೇ: 257, 641, 769, 1153, 1409. ಕ್ರಮವಾಗಿ ಶೇಷಗಳು 170, 44, 120, 334, 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ 6700417 ಅವಿಭಾಜ್ಯ. ಐದು ಭಾಗಾಕಾರಗಳಲ್ಲಿ ಏಳು ಅಂಕಿಯ ಸಂಖ್ಯೆಯೊಂದು ಅವಿಭಾಜ್ಯವೆಂದು ಪೂರ್ತಿ ಸಾಧಿಸಿದಂತಾಯಿತು. ನಿಮಗೆ ಹಲಗೆಯ ಮೇಲೆ ಬರೆಯಲು ದೊಡ್ಡದೊಂದು ಅವಿಭಾಜ್ಯ ಬೇಕಿದ್ದರೆ ಇದನ್ನೇ ಧೈರ್ಯವಾಗಿ ಬರೆಯಿರಿ.

ಇನ್ನು ಬೇರೆ ಸಂಖ್ಯೆಗಳ ವಿಷಯದಲ್ಲಿ ಖಚಿತವಾಗಿ ಹೇಳುವ ದಾರಿಗಳು.

ಹತ್ತು ಹನ್ನೆರಡು ಅಂಕಿಗಳವರೆಗೆ ನೇರ ಭಾಗಾಕಾರವೇ ಸಾಕು. ಮನುಷ್ಯನಿಗೆ ಅದು ದಣಿವು, ಕಂಪ್ಯೂಟರಿಗೆ ಕ್ಷಣದ ಕೆಲಸ, ಉತ್ತರವೂ ಪೂರ್ತಿ ನಿಶ್ಚಿತ. ಅಂಕಿಗಳು ಇಪ್ಪತ್ತೈದು ಮೂವತ್ತಾಗುವ ಹೊತ್ತಿಗೆ ಕಂಪ್ಯೂಟರಿಗೂ ಈ ದಾರಿ ಮುಚ್ಚಿಹೋಗುತ್ತದೆ.

ಫರ್ಮಾ ಪರೀಕ್ಷೆಯನ್ನು ಒಂದೇ ಆಧಾರ ಸಂಖ್ಯೆಯಿಂದ (ಅಂದರೆ ಘಾತಕ್ಕೆ ಏರಿಸುವ 2, 3ರಂತಹ ಸಂಖ್ಯೆಯಿಂದ) ಮಾಡಿ ನಿಲ್ಲಿಸಬೇಡಿ. ಹಲವು ಆಧಾರಗಳಿಂದ ಮಾಡಿದರೂ ಅದರಲ್ಲೊಂದು ಮೂಲಭೂತ ದೋಷ ಉಳಿಯುತ್ತದೆ: 561 = 3 × 11 × 17ರಂತಹ ಕಾರ್ಮೈಕೇಲ್ ಸಂಖ್ಯೆಗಳು, ತಮ್ಮ ಜೊತೆ ಸಾಮಾನ್ಯ ಅಪವರ್ತನವಿಲ್ಲದ ಪ್ರತಿಯೊಂದು ಆಧಾರವನ್ನೂ ವಂಚಿಸುತ್ತವೆ. ಅವು ಅನಂತವಾಗಿವೆ ಎಂದು 1994ರಲ್ಲಿ ಆಲ್ಫರ್ಡ್, ಗ್ರಾನ್‌ವಿಲ್ ಮತ್ತು ಪೊಮರೆನ್ಸ್ ಸಾಧಿಸಿದರು. ನಿಮ್ಮ ಸಂಖ್ಯೆ ಆ ಜಾತಿಯದಲ್ಲ. 3ರ ಮುಂದೆ ಅದು ಸಿಕ್ಕಿಬಿದ್ದದ್ದನ್ನು ನೋಡಿದೆವು.

ದಿನನಿತ್ಯದ ಕೆಲಸಕ್ಕೆ ನಾನು ಬಳಸುವುದು ಮಿಲ್ಲರ್–ರಾಬಿನ್ ಪರೀಕ್ಷೆ. ಅದು ಕೊನೆಯ ಶೇಷವನ್ನಷ್ಟೇ ನೋಡಿ ಬಿಡುವುದಿಲ್ಲ, ವರ್ಗ ಮಾಡುತ್ತ ಹೋಗುವಾಗ 1ಕ್ಕೆ ಯಾವ ದಾರಿಯಿಂದ ಬಂದೆವು ಎಂಬುದನ್ನೂ ನೋಡುತ್ತದೆ. ಸಂಯುಕ್ತ ಸಂಖ್ಯೆಯೊಂದು ಯಾದೃಚ್ಛಿಕವಾಗಿ ಆರಿಸಿದ ಒಂದು ಆಧಾರದಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದರೆ ನಾಲ್ಕರಲ್ಲೊಂದು. ಇಪ್ಪತ್ತು ಆಧಾರಗಳಾದರೆ ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಆದರೆ ಎಚ್ಚರ: ನಿಮ್ಮ ಸಂಖ್ಯೆ 2ನ್ನು ಆಧಾರವಾಗಿಟ್ಟ ಈ ಪರೀಕ್ಷೆಯನ್ನೂ ದಾಟುತ್ತದೆ. 2ರ ಬಳಿಯಲ್ಲಿ ಅದನ್ನು ಕೇಳಿ ಪ್ರಯೋಜನವಿಲ್ಲ. ಸಣ್ಣ ಸಂಖ್ಯೆಗಳಿಗೆ ಈ ಪರೀಕ್ಷೆಯಿಂದಲೇ ಪೂರ್ಣ ನಿಶ್ಚಯ ಸಿಗುವ ವ್ಯವಸ್ಥೆಯೂ ಇದೆ. 4759123141ಕ್ಕಿಂತ ಚಿಕ್ಕ ಸಂಖ್ಯೆಗಳಿಗೆ 2, 7, 61 ಎಂಬ ಮೂರು ಆಧಾರಗಳು ಸಾಕು, ನಿಮ್ಮ ಸಂಖ್ಯೆ ಆ ಮಿತಿಯೊಳಗೇ ಇದೆ. 64 ಬಿಟ್‌ಗಳಲ್ಲಿ (0 ಅಥವಾ 1 ಕೂರುವ 64 ಮನೆಗಳಲ್ಲಿ) ಹಿಡಿಯುವ ಯಾವ ಸಂಖ್ಯೆಗಾದರೂ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಬಳಸಿದರೆ ಅನುಮಾನಕ್ಕೆ ಎಡೆಯಿಲ್ಲ.

ಫರ್ಮಾ ಸಂಖ್ಯೆಗಳಿಗೆಂದೇ 1877ರಲ್ಲಿ ಪೆಪಾಂ ಕೊಟ್ಟ ಪರೀಕ್ಷೆಯೊಂದಿದೆ. 3ನ್ನು, ಸಂಖ್ಯೆಗಿಂತ ಒಂದು ಕಡಿಮೆಯಾದುದರ ಅರ್ಧದಷ್ಟು ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿ. ಶೇಷ −1 ಬಂದರೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ. ಎರಡೂ ದಿಕ್ಕಿನಲ್ಲಿ ಖಚಿತ. ನಿಮ್ಮ ಸಂಖ್ಯೆಗೆ ಬರುವ ಶೇಷ 10324303. ಯಾವುದೇ ಸಂಖ್ಯೆಗೂ ನಡೆಯುವ, ಊಹೆ ಆಕಸ್ಮಿಕಗಳ ಹಂಗಿಲ್ಲದ ವೇಗದ ವಿಧಾನವನ್ನು 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಸಿದ್ಧಾಂತದಲ್ಲಿ ಅದು ಮಹತ್ವದ ಸಾಧನೆ, ಆದರೆ ಬಳಕೆಯಲ್ಲಿ ಮಿಲ್ಲರ್–ರಾಬಿನ್ ವೇಗಕ್ಕೆ ಅದು ಸಾಟಿಯಲ್ಲ.

ಯಾವ ದಾರಿ ಹಿಡಿದರೂ ಒಂದು ಅಪಾಯ ಸಾಮಾನ್ಯ, ಅದು ಯಂತ್ರದ್ದು. 32 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ 4294967295. ನಿಮ್ಮ ಸಂಖ್ಯೆ ಅದಕ್ಕಿಂತ ಎರಡು ಹೆಚ್ಚು. ಅಷ್ಟೇ ಜಾಗದಲ್ಲಿ ಅದನ್ನು ತುರುಕಿದರೆ ಯಾವ ದೂರೂ ಇಲ್ಲದೆ 1 ಆಗಿ ಕೂರುತ್ತದೆ. 64 ಬಿಟ್‌ಗಳ ಜಾಗ ಕೊಟ್ಟರೆ ಸಂಖ್ಯೆ ಹಿಡಿಯುತ್ತದೆ, ಆದರೆ ಪರೀಕ್ಷೆಯ ನಡುವೆ 4294967296ನ್ನು ವರ್ಗ ಮಾಡಬೇಕಾಗಿ ಬಂದರೆ ಸರಿಯಾಗಿ 2⁶⁴ ಬರುತ್ತದೆ; ಅದು ಆ ಜಾಗದ ಮಿತಿಗಿಂತ ಒಂದೇ ಒಂದು ಹೆಚ್ಚು, ಹಾಗಾಗಿ ಸೊನ್ನೆಯಾಗಿಬಿಡುತ್ತದೆ. ಕೆಲಸ ಶುರುಮಾಡಿದ ದಿನಗಳಲ್ಲಿ ಇದೇ ಕಾರಣಕ್ಕೆ ಎರಡು ದಿನ ತಪ್ಪು ಶೇಷಗಳ ಹಿಂದೆ ಅಲೆದಿದ್ದೇನೆ. ಅಂದಿನಿಂದ ಹೊಸ ಪ್ರೋಗ್ರಾಮ್ ಬರೆದಾಗಲೆಲ್ಲ ಮೊದಲು ಉತ್ತರ ಗೊತ್ತಿರುವ ಕೆಲವು ಸಂಖ್ಯೆಗಳನ್ನು ಅದಕ್ಕೆ ಕೊಟ್ಟು ನೋಡುತ್ತೇನೆ: 341, 561, 65537, ಮತ್ತು ತಪ್ಪದೆ ನಿಮ್ಮ ಈ ಸಂಖ್ಯೆ. ಪೈಥಾನ್‌ನಂತಹ ಭಾಷೆಗಳಲ್ಲಿ ಪೂರ್ಣಾಂಕಗಳಿಗೆ ಈ ಮಿತಿಯಿಲ್ಲ, ಶಾಲೆಯ ಪ್ರಯೋಗಗಳಿಗೆ ಅವು ಒಳ್ಳೆಯವು. ಮೊಬೈಲಿನಲ್ಲಿ ಹುಡುಕಿ ಸಿಕ್ಕ ಉತ್ತರವಾದರೆ ಅಪವರ್ತನ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ಗುಣಿಸಿ ನೋಡಿ ನಂಬಬಹುದು. ಹೇಳಿದವರು ಯಾರು ಎಂಬುದು ಆಗ ಮುಖ್ಯವಾಗುವುದಿಲ್ಲ.

ಮಕ್ಕಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಇದ್ದದ್ದನ್ನು ಇದ್ದಂತೆಯೇ ಹೇಳಿ, ಆ ಹುಡುಗಿಯ ಕೈಯಲ್ಲೇ ಹಲಗೆಯ ಮೇಲೆ 641ರ ಗುಣಾಕಾರ ಮಾಡಿಸಿ. ಸಂಖ್ಯೆಯನ್ನು ಮಾತ್ರ ಅಳಿಸಬೇಡಿ. ಅವಿಭಾಜ್ಯವಲ್ಲದಿದ್ದರೂ ತೋರಿಸಲು ಅದರಲ್ಲಿ ಬೇಕಾದಷ್ಟಿದೆ.

ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯುವುದು ಎಲ್ಲರಿಗೂ ಕಾಣುತ್ತದೆ: 65536² + 1². ಆದರೆ ಅದು 62264² + 20449² ಕೂಡ ಹೌದು. ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿದ್ದರೆ ಒಂದೇ ಒಂದು ರೀತಿಯಲ್ಲಿ ಮಾತ್ರ ಸಾಧ್ಯ. ಎರಡು ರೀತಿ ಸಿಕ್ಕಿತೆಂದರೆ ಸಂಖ್ಯೆ ಸಂಯುಕ್ತ ಎಂದು ಅಲ್ಲಿಗೇ ಸಿದ್ಧ. ಅಷ್ಟೇ ಅಲ್ಲ, ಅವುಗಳಿಂದ ಅಪವರ್ತನವನ್ನೂ ಹೊರತೆಗೆಯಬಹುದು. ಸಮಸಂಖ್ಯೆಗಳ ವ್ಯತ್ಯಾಸ 65536 − 62264 = 3272; ಬೆಸ ಸಂಖ್ಯೆಗಳ ವ್ಯತ್ಯಾಸ 20449 − 1 = 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ 8. ಅದೇ ಸಂಖ್ಯೆಗಳ ಮೊತ್ತಗಳು 127800 ಮತ್ತು 20450. ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 50. ಎರಡನ್ನೂ ಅರ್ಧ ಮಾಡಿ ವರ್ಗಗಳನ್ನು ಕೂಡಿ: 4² + 25² = 16 + 625 = 641. ಮೇಲಿನ ಮೂರು ಸಾಲಿನ ಸಾಧನೆಯಲ್ಲಿ ಬಂದಿದ್ದ ಅದೇ 625 ಮತ್ತು 16 ಮತ್ತೆ ಎದುರು ಬಂದು ನಿಂತಿವೆ. ಮೊದಲ ಸಲ ಇದನ್ನು ಮಾಡಿ ನೋಡಿದ ದಿನ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ.

ಅದರ ನೆರೆಯ ಸಂಖ್ಯೆಯನ್ನೂ ನೋಡಿ. ಎರಡು ಕಡಿಮೆ ಮಾಡಿದರೆ 4294967295. ಅದು 3 × 5 × 17 × 257 × 65537, ಅಂದರೆ ನಮಗೆ ಗೊತ್ತಿರುವ ಐದು ಫರ್ಮಾ ಅವಿಭಾಜ್ಯಗಳ ಗುಣಲಬ್ಧ. ಅಳತೆಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ 17 ಬಾಹುಗಳ ಕ್ರಮಬಹುಭುಜವನ್ನು ರಚಿಸಬಹುದು ಎಂದು ಗೌಸ್ 1796ರಲ್ಲಿ ಕಂಡುಕೊಂಡದ್ದು ಈ ಅವಿಭಾಜ್ಯಗಳ ನೆರವಿನಿಂದ. ಬಾಹುಗಳ ಸಂಖ್ಯೆ ಬೆಸವಾಗಿದ್ದು ಹಾಗೆ ರಚಿಸಬಹುದೆಂದು ನಮಗೆ ತಿಳಿದಿರುವ ಕ್ರಮಬಹುಭುಜಗಳು 31. ಅವುಗಳಲ್ಲಿ ಅತಿ ದೊಡ್ಡದಕ್ಕೆ ಬಾಹುಗಳು 4294967295. ನಿಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ ಈ ಪಟ್ಟಿ 63ಕ್ಕೆ ಏರುತ್ತಿತ್ತು.

ಉತ್ಸಾಹವಿರುವ ಮಕ್ಕಳಿಗೆ ಮುಂದಿನ ಫರ್ಮಾ ಸಂಖ್ಯೆಯನ್ನು ಕೊಡಿ: 2⁶⁴ + 1, ಅಂದರೆ 18446744073709551617. ಅಪವರ್ತನ 256ರ ಗುಣಕಕ್ಕಿಂತ ಒಂದು ಹೆಚ್ಚಾಗಿರಬೇಕು ಎಂಬ ಸುಳಿವನ್ನಷ್ಟೇ ಹೇಳಿ, ಉಳಿದದ್ದನ್ನು ಅವರಿಗೇ ಬಿಡಿ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದರೆ 1071ನೆಯ ಗುಣಕದಲ್ಲಿ 274177 ಸಿಗುತ್ತದೆ. 1880ರಲ್ಲಿ ಲಾಂದ್ರಿ ಈ ಸಂಖ್ಯೆಯನ್ನು ಒಡೆದದ್ದು ಕೈಲೆಕ್ಕದಿಂದ. ಅದಾದ ಮೇಲೆ "ಮುಂದೆ?" ಎಂದು ಯಾರಾದರೂ ಕೇಳಿದರೆ ಮೂವತ್ತಮೂರನೆಯದನ್ನು ಹೇಳಿ. ಅದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.